ಮೊದಲ ನಗು

ಟೊಂಯ್, ಟೊಂಯ್. ಹತ್ತಿ ಹಿಂಜುವ ಬಿಲ್ಲಿನ ಆ ಸದ್ದು ಮೊನ್ನೆ ಸರಸ್ವತಿಪುರಂನ ನಮ್ಮ ರಸ್ತೆಯಲ್ಲಿ ಕೇಳಿದಾಗ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ಇಟ್ಟು ಗೇಟಿನ ಹತ್ತಿರ ಹೋದೆ. ಈಗ ಎಲ್ಲರ ಮನೆಯಲ್ಲೂ ಫೋಮ್ ಬೆಡ್. ಹತ್ತಿಯ ಹಾಸಿಗೆ ಬಿಚ್ಚಿಸಿ, ಹಿಂಜಿಸಿ, ಮತ್ತೆ ಹೊಲಿಸಿಕೊಳ್ಳುವವರು ಯಾರಿದ್ದಾರೆ? ಆದರೂ ಆತ ಬಂದಿದ್ದ, ಹೆಗಲ ಮೇಲೆ ಬಿಲ್ಲು ಹೊತ್ತು, ಅದರ ತಂತಿಯನ್ನು ಸುಮ್ಮನೆ ಮೀಟುತ್ತ. ಕೋಣೆಯಲ್ಲಿ ಸುತ್ತಿಟ್ಟಿದ್ದ ಚಿಕ್ಕಪ್ಪನ ಹಾಸಿಗೆಯನ್ನು ಅಂಗಳಕ್ಕೆ ಹಾಕಿಸಿದೆ. ಹೊಲಿಗೆ ಬಿಚ್ಚಿದ ಕೂಡಲೇ ವರ್ಷಗಟ್ಟಲೆ ಬಿಸಿಲು ಕಾಣದ ಹತ್ತಿಯ ಒಣ ವಾಸನೆ, ಸ್ವಲ್ಪ ಗೋಣಿಯದು, ಸ್ವಲ್ಪ ಮಲಗಿದವರ ತಲೆಯೆಣ್ಣೆಯದು, ಮೂಗಿಗೆ ಬಂತು. ಸೀನು ಬರಬೇಕಿತ್ತು. ಬಂದದ್ದು ದೇವರಾಜ ಮೊಹಲ್ಲಾದ ಮನೆ.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಚಪ್ಪಲಿ, ಮೊಬೈಲು ಮಾರುವ ಕಾಂಪ್ಲೆಕ್ಸ್ ನಿಂತಿದೆ. ನಿಮ್ಮ ಮನೆಯೂ ಹೀಗೇ ಯಾವುದೋ ಕಾಂಪ್ಲೆಕ್ಸಿನ ಕೆಳಗೆ ಹೋಗಿದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ. ಮುಂದೆ ತಾತನ ಹಾಸಿಗೆ ಅಂಗಡಿ, ನಡುವೆ ವಿಭೂತಿ ಪರಿಮಳದ ಪೂಜೆ ಕೋಣೆ, ಹಿಂದೆ ಹತ್ತಿ ತುಂಬಿದ ಉದ್ದನೆಯ ಹಜಾರ. ಆ ಹಜಾರದಲ್ಲೇ ನನ್ನ ಮಾದೇವ ಚಿಕ್ಕಪ್ಪ ಬೀಳುವುದನ್ನು ಕಲಿತದ್ದು. ಬೀಳಿಸುತ್ತಿದ್ದವನು ಕೆಂಪಣ್ಣ. ಕಡಕೊಳದ ಒಕ್ಕಲು ಮನೆಯ ಹುಡುಗ, ನಮ್ಮಲ್ಲಿ ಹತ್ತಿಯ ಮೂಟೆ ಇಳಿಸಲು ಬಂದವನು, ಚಿಕ್ಕಪ್ಪನ ಜೊತೆ ಸೇರಿಕೊಂಡು ನಾಟಕದ ಕಂಪನಿಗೆ ಹೋಗಿಬಿಟ್ಟ. ಚಿಕ್ಕಪ್ಪ ಉದ್ದ, ಸಣ್ಣ, ಕೆಂಪಣ್ಣ ಗುಂಡಗೆ. ಊರೂರಿನ ಜನ ಅವರನ್ನು ಕಂಬ–ಕುಂಬಳ ಅಂತಲೇ ಕರೆದರು. ಅವರಿಬ್ಬರ ನಿಜವಾದ ಹೆಸರು ಕಂಪನಿಯ ಕರಪತ್ರದಲ್ಲಿ ಒಂದು ದಿನವೂ ಬರಲಿಲ್ಲ.

ಅವರ ಕುರ್ಚಿ ಸೀನು ನೋಡಲು ಜನ ಎರಡೆರಡು ಸಲ ಬರುತ್ತಿದ್ದರು. ಚಿಕ್ಕಪ್ಪ ಯಜಮಾನ, ಕೆಂಪಣ್ಣ ಆಳು. ಯಜಮಾನರು ಕೂರಬೇಕು. ಆಳು ಭಕ್ತಿಯಿಂದ ಹೆಗಲ ಟವೆಲ್ಲು ತೆಗೆದು ಕುರ್ಚಿ ಒರೆಸುತ್ತಾನೆ, ಇವರು ಕೂರಲು ಬಾಗುವ ಹೊತ್ತಿಗೆ ಸರಿಯಾಗಿ ಕುರ್ಚಿಯ ಹಿಂಗಾಲಿನ ಮೇಲೆ ಇನ್ನಷ್ಟು ಧೂಳು ಕಂಡು, ಅದನ್ನೂ ಒರೆಸೋಣವೆಂದು ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಕೇಡಿಗೆ ಎಳೆದದ್ದಲ್ಲ, ಬರೀ ಭಕ್ತಿ. ಚಿಕ್ಕಪ್ಪನ ಉದ್ದನೆಯ ದೇಹ ಮೊಣಕಾಲು, ಸೊಂಟ, ಭುಜ ಎಂದು ಒಂದೊಂದಾಗಿ ಮಡಚಿಕೊಂಡು, ಒಗೆದ ಸೀರೆ ತಂತಿಯಿಂದ ಜಾರುವ ಹಾಗೆ ನೆಲಕ್ಕೆ ಬರುತ್ತಿತ್ತು. ಕಂಪನಿ ಮೈಸೂರಿನಲ್ಲಿ ಕ್ಯಾಂಪ್ ಹಾಕಿದಾಗೆಲ್ಲ ಸಂಜೆ ಆಟಕ್ಕೆ ನಾನು ಮುಂದಿನ ಚಾಪೆಯ ಮೇಲೆ. ನನಗೊಂದು ಡ್ಯೂಟಿ ಇತ್ತು. ಮೊದಲು ನಗಬೇಕಾದವಳು ನಾನು. ಹಿಂಜಿದ ಹತ್ತಿಯ ರಾಶಿಯ ಮೇಲೆ ನನ್ನನ್ನು ಕೂರಿಸಿ ಕೆಂಪಣ್ಣ ಅದನ್ನು ಕಲಿಸಿದ್ದ. "ಮನ್ಸ ಬಿದ್ರೆ ಜನ ಎದರ್ಕತಾರೆ ಕಣವ್ವ, ಏಟಾಯ್ತೇನೋ ಅಂತ. ಒಬ್ರು ನಕ್ಬುಟ್ರೆ ಮಿಕ್ಕೋರಿಗೆ ಧೈರ್ಯ ಬತ್ತದೆ. ಬಿದ್ದ ತಕ್ಸಣ ನಗಬ್ಯಾಡ. ಮಾದೇವ ನಿನ್ನ ಕಡೀಕೆ ನೋಡ್ತಾನೆ. ಆಗ ನಗು."

ಹಗಲೆಲ್ಲ ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಡುತ್ತಿದ್ದದ್ದೇ ಬೇರೆ: ಎ ಲೇಡಿ ಸ್ಮೈಲ್ಸ್, ಹಲ್ಲು ಕಾಣುವಂತೆ ನಗುವುದು ಬ್ಯಾಡ್ ಮ್ಯಾನರ್ಸ್. ಮನೆಯಲ್ಲಿ ಅಜ್ಜಿಯದೂ ಅದೇ ರಾಗ. "ಬಿದ್ದೋರನ್ನ ನೋಡಿ ನಗಬಾರದು ಕಣೇ, ನಾಳೆ ನಾವೂ ಬೀಳೋರೇ" ಎನ್ನುತ್ತಿದ್ದಳು. ಆದರೆ ಸಂಜೆ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಚಿಕ್ಕಪ್ಪ ನೆಲದಿಂದ ಒಂದು ಕಣ್ಣೆತ್ತಿ ನನ್ನನ್ನು ಹುಡುಕಿದಾಗ ನನ್ನ ಹೊಟ್ಟೆಯಿಂದ ಬರುತ್ತಿದ್ದ ನಗೆಗೆ ಸಿಸ್ಟರೂ ಇಲ್ಲ, ಅಜ್ಜಿಯೂ ಇಲ್ಲ. ಅದರ ಬೆನ್ನಿಗೇ ಇಡೀ ಡೇರೆ ಮಳೆ ಹೊಯ್ದಂತೆ ನಗುತ್ತಿತ್ತು. ಅಷ್ಟು ಜನರ ಬೀಗ ತೆರೆದವಳು ನಾನೇ ಎಂಬ ಹೆಮ್ಮೆ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಳ್ಳುವಾಗಲೂ ಮೈಮೇಲೆ ಇರುತ್ತಿತ್ತು.

ಸಿನಿಮಾ ಬಂತು, ಕಂಪನಿ ಮುಚ್ಚಿತು. ಚಿಕ್ಕಪ್ಪ ಅಂಗಡಿಗೆ ವಾಪಸು ಬಂದ, ಕೆಂಪಣ್ಣ ಹೊಲಕ್ಕೆ. ಆ ಹೊಲವೂ ಹೋಗಿ ಅಲ್ಲೊಂದು ಫ್ಯಾಕ್ಟರಿ ಎದ್ದಾಗ ಅದರ ಗೇಟಿನಲ್ಲೇ ವಾಚ್‌ಮನ್ ಆದ. ಅಜ್ಜಿ ತಾತ ಕಣ್ಮುಚ್ಚಿದ ಮೇಲೆ ಮನೆ ಮಾರಿ ಪಾಲು ಮಾಡಿಕೊಂಡರು. ಮದುವೆಯಾಗದೇ ಉಳಿದ ಚಿಕ್ಕಪ್ಪ ಅಂಗಡಿಯ ಕೊನೆಯ ಹತ್ತಿ ತುಂಬಿಸಿಕೊಂಡ ಒಂದು ಹಾಸಿಗೆಯೊಂದಿಗೆ ನನ್ನ ಮನೆಗೆ ಬಂದ. ಸೋಮವಾರ ಕೆಂಪಣ್ಣನಿಗೆ ರಜ. ಬಸ್ಸು ಹಿಡಿದು ಬಂದು ನಮ್ಮ ವರಾಂಡದಲ್ಲಿ ಕೂರುತ್ತಿದ್ದ. ಚಿಕ್ಕಪ್ಪ ಕೂರಲು ಹೋದಾಗ ಆ ವಯಸ್ಸಿನಲ್ಲೂ ಕುರ್ಚಿಯನ್ನು ಒಂದು ಬೆರಳಷ್ಟು ತನ್ನ ಕಡೆಗೆ ಸರಿಸುತ್ತಿದ್ದ, ಅಷ್ಟೇ. ಚಿಕ್ಕಪ್ಪ ಒಂದು ಬೆರಳಷ್ಟು ಬೀಳುತ್ತಿದ್ದ. ನಾನು ಅಡಿಗೆಮನೆಯಿಂದಲೇ ನಗುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಊರಿನ ಒಂದು ಕಲಾಸಂಘಕ್ಕೆ ಕಂಬ–ಕುಂಬಳ ನೆನಪಾದರು. ಮರೆತುಹೋದ ಹಾಸ್ಯ ಜೋಡಿಗೆ ಸನ್ಮಾನ ಎಂದು ಪೇಪರಿನಲ್ಲೂ ಬಂತು. ಸಂಘದವರು ಮನೆಗೆ ಹೇಳಲು ಬಂದಾಗ ಕೆಂಪಣ್ಣ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಬಂದವರಿಗೆ ಪಾಪ, ಅದು ತಿಳಿದಿರಲಿಲ್ಲ. ತುಂಬ ವಿಷಾದಪಟ್ಟು, ಇಬ್ಬರ ಗೌರವವನ್ನೂ ತಾವೇ ಸ್ವೀಕರಿಸಬೇಕು ಎಂದು ಕೈಮುಗಿದರು. ಅವರ ಬಾಯಲ್ಲಿ ನನ್ನ ಚಿಕ್ಕಪ್ಪ "ತಾವು" ಆಗಿಬಿಟ್ಟಿದ್ದ. ಅವರು ಹೋದ ಮೇಲೆ ಚಿಕ್ಕಪ್ಪ ಕೆಂಪಣ್ಣನ ಖಾಲಿ ಕುರ್ಚಿಯ ಕಡೆ ನೋಡುತ್ತ ಹೇಳಿದ: "ಶಾಲು ತಗೊಂಡು ಏನ್ ಮಾಡ್ಲಿ ಕಣಮ್ಮ. ಹಾಲ್‌ನಲ್ಲಿರೋರೆಲ್ಲ ಒಂದ್ಸಲ ನಕ್ಬುಟ್ರೆ ಸಾಕು. ಅವನೆಲ್ಲೇ ಇರ್ಲಿ, ಕೇಳಿಸ್ಕೋತಾನೆ." ಅಂದಿನಿಂದ ಚಿಕ್ಕಪ್ಪ ಕೋಣೆಯ ಬಾಗಿಲು ಹಾಕಿಕೊಂಡು ಹಾಸಿಗೆಯ ಮೇಲೆ ದೊಪ್ಪೆಂದು ಬೀಳುವ ಸದ್ದು ಕೇಳುತ್ತಿತ್ತು. ಬೇಡ ಎನ್ನಬೇಕಿತ್ತೇನೋ. ಆದರೆ ಆ ದಿನಗಳಲ್ಲಿ ಚಿಕ್ಕಪ್ಪ ಎರಡು ಹೊತ್ತೂ ಹೊಟ್ಟೆ ತುಂಬ ಉಂಡ.

ವೇದಿಕೆಯ ಮೇಲೆ ಕೆಂಪು ಮಕಮಲ್ಲಿನ, ಅರಮನೆಯಲ್ಲಿರುವಂಥ ಕುರ್ಚಿ ಹಾಕಿದ್ದರು. ಚಿಕ್ಕಪ್ಪನಿಗೆ ಮೈಸೂರು ಪೇಟ ತೊಡಿಸಿದರು, ಹಾರ ಹಾಕಿದರು, ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ದಯಮಾಡಿ ಆಸೀನರಾಗಬೇಕು ಎಂದು ಮೈಕಿನಲ್ಲಿ ಹೇಳಿದರು. ಚಿಕ್ಕಪ್ಪ ಬುಟ್ಟಿ ಕೆಳಗಿಟ್ಟ. ಹಿಂದೆ ತಿರುಗಿ, ಟವೆಲ್ಲು ಹಿಡಿದು ಕೆಂಪಣ್ಣ ನಿಂತಿರಬೇಕಿದ್ದ ಜಾಗವನ್ನು ಒಮ್ಮೆ ನೋಡಿದ. ಆಮೇಲೆ ಕುರ್ಚಿಗಿಂತ ಅರ್ಧ ಹೆಜ್ಜೆ ಮುಂದೆಯೇ, ಗಾಳಿಯ ಮೇಲೆ, ಕೂತ. ಮೊಣಕಾಲು, ಸೊಂಟ, ಭುಜ. ಪರ್ಫೆಕ್ಟ್, ಐ ಟೆಲ್ ಯೂ, ಡೇರೆಯಲ್ಲಿ ಬಿದ್ದದ್ದಕ್ಕಿಂತ ಚೆನ್ನಾಗಿ ಬಿದ್ದ. ಬಿದ್ದು, ನನ್ನ ಕಡೆ ಕಣ್ಣೆತ್ತಬೇಕು. ಅಷ್ಟರಲ್ಲಿ ಅಯ್ಯೋ ಅಯ್ಯೋ ಎಂದು ವೇದಿಕೆಯ ಮೇಲಿದ್ದವರೆಲ್ಲ ಓಡಿಬಂದು ಸುತ್ತುವರಿದರು. ಯಾರೋ ನೀರು ತಂದರು, ಯಾರೋ ಆಹ್ವಾನ ಪತ್ರಿಕೆಯಿಂದ ಗಾಳಿ ಹಾಕಿದರು. ಅವರ ಪಂಚೆಗಳ ನಡುವಿನ ಸಂದಿಯಲ್ಲಿ ಕೊನೆಗೂ ಆ ಒಂದು ಕಣ್ಣು ಕಂಡಿತು, ನನ್ನನ್ನು ಹುಡುಕುತ್ತಿತ್ತು. ನಾನು ನಕ್ಕೆ. ಅರವತ್ತರ ಹತ್ತಿರದ ಹೆಂಗಸು, ಹಲ್ಲು ಕಾಣುವಂತೆ, ಗಟ್ಟಿಯಾಗಿ. ಹಾಲ್‌ನಲ್ಲಿ ಇನ್ನೊಬ್ಬರೂ ನಗಲಿಲ್ಲ. ಪಕ್ಕದಲ್ಲಿದ್ದಾಕೆ ನನ್ನ ತೋಳು ಹಿಡಿದು, "ಏನ್ರೀ ನೀವು, ವಯಸ್ಸಾದೋರು ಬಿದ್ರೆ ನಗೋದಾ?" ಅಂದಳು. ಚಿಕ್ಕಪ್ಪನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಮತ್ತೆ ಬೀಳದಂತೆ ಇಬ್ಬರು ಸ್ವಯಂಸೇವಕರು ಎರಡೂ ಭುಜ ಹಿಡಿದು ನಿಂತರು. ಭಾಷಣಗಳು ಮುಗಿಯುವ ತನಕ ಹಾಗೆಯೇ ಹಿಡಿದಿದ್ದರು, ಬಹಳ ಭಕ್ತಿಯಿಂದ.

ಆಟೋದಲ್ಲಿ ವಾಪಸು ಬರುವಾಗ ಚಿಕ್ಕಪ್ಪ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಏಟಾಯಿತೇ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರ ನಡುವೆ ಅದು ಕೇಳುವ ಪ್ರಶ್ನೆಯಲ್ಲ. ನಮ್ಮ ರಸ್ತೆಗೆ ತಿರುಗಿದ ಮೇಲೆ ಅವನೇ ಅಂದ:

"ನಿನ್ನ ನಗು ಕೇಳಿಸ್ತು ಕಣಮ್ಮ."

ಪೇಟವನ್ನು ನನ್ನ ಕೈಗೆ ಕೊಟ್ಟು, "ಅವರದೇನೂ ತಪ್ಪಿಲ್ಲ ಬುಡು. ಇಬ್ಬರಿದ್ದಾಗ ಬಿದ್ರೆ ತಮಾಷೆ. ಒಬ್ಬನೇ ಬಿದ್ರೆ ಅದು ಕಾಯಿಲೆ" ಅಂದ.

ಆಮೇಲೆ ಬಾಗಿಲು ಹಾಕಿಕೊಂಡು ಬೀಳುವ ಸದ್ದು ಕೇಳಿಸಲಿಲ್ಲ. ಮಾರನೆಯ ವರ್ಷ ಚಿಕ್ಕಪ್ಪ ಅದೇ ಹಾಸಿಗೆಯ ಮೇಲೆ, ನಿದ್ದೆಯಲ್ಲಿಯೇ ಹೋದ. ಯಾರನ್ನೂ ಹೆದರಿಸಲಿಲ್ಲ.

ಅಂಗಳದಲ್ಲಿ ಹತ್ತಿ ಹಿಂಜಿ ಹಿಂಜಿ ಸೊಂಟದೆತ್ತರ ರಾಶಿಯಾಗಿತ್ತು. ಕೆಲಸದವನು ಬಿಲ್ಲು ಗೋಡೆಗೆ ಒರಗಿಸಿ ನೀರು ಕೇಳಿದ. ನಾನು ಚೊಂಬು ಹಿಡಿದು ಬಂದಾಗ ಆ ಬಿಳಿಯ ರಾಶಿಯ ನಡುವೆ ಉದ್ದಕ್ಕೆ ಒಂದು ತಗ್ಗು ಕಂಡಿತು, ಯಾರೋ ಈಗಷ್ಟೇ ಬಿದ್ದು ಎದ್ದು ಹೋದ ಹಾಗೆ. ನಿಂತು ಕಾದೆ. ಯಾರೂ ನನ್ನ ಕಡೆ ನೋಡಲಿಲ್ಲ. ಆತ ನೀರು ಕುಡಿದು, ಬಾಯಿ ಒರೆಸಿಕೊಂಡು, ಕೈಯಾಡಿಸಿ ಆ ತಗ್ಗನ್ನು ಸಮ ಮಾಡಿದ.