ಯಾರೂ ನೋಡಬೇಡಿ ಎಂದು ಊರಿಗೆಲ್ಲ ಕಳಿಸಿದವರು

ಚನ್ನಮಲ್ಲಯ್ಯನವರಿಗೆ ಸದಾ ಊರಿನದೇ ಚಿಂತೆ. ಕಳ್ಳಂಬೆಳ್ಳದಿಂದ ಒಳಕ್ಕೆ ತಿರುಗಿದರೆ ಸಿಗುವ ಆ ಹಳ್ಳಿಯಲ್ಲಿ ಈಶ್ವರನ ಗುಡಿಯ ಯಜಮಾನಿಕೆ ಅವರದು, ನ್ಯಾಯ ಹೇಳುವವರೂ ಅವರೇ, ‘ನಮ್ಮೂರ ಹಿತಚಿಂತಕರು’ ಎಂಬ ವಾಟ್ಸಾಪ್ ಗ್ರೂಪಿನ ಅಡ್ಮಿನ್ನೂ ಅವರೇ. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಜಗಲಿ ಮೇಲೆ ಕೂತರೆಂದರೆ ಮುಗಿಯಿತು. ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರು, ಮಂಡಿನೋವಿಗೆ ಎಕ್ಕದ ಎಲೆ, ನಾಳೆ ಬರಲಿರುವ ಭೂಕಂಪ, ಎಲ್ಲವೂ ಊರಿನವರ ಫೋನಿಗೆ ಹೋಗಿ ಬೀಳಬೇಕು. ನಿಜವೋ ಸುಳ್ಳೋ ಅಂತ ನೋಡುತ್ತ ಕೂತರೆ ಸಮಾಜಸೇವೆ ಮಾಡುವುದು ಯಾವಾಗ? ಒಮ್ಮೆ ಟೀ ಅಂಗಡಿ ಕಾಡಸಿದ್ದಪ್ಪ ತೀರಿಕೊಂಡನೆಂದು ಹಾಕಿಬಿಟ್ಟರು. ತೀರಿಕೊಂಡದ್ದು ಪಾವಗಡದ ಕಡೆಯ ಬೇರೆ ಕಾಡಸಿದ್ದಪ್ಪ. ಊರಿಗೆ ಊರೇ ಕೈಮುಗಿದ ಚಿತ್ರ ಹಾಕಿತು. ಅಷ್ಟು ಮಂದಿ ಹಾಕಿರುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರಲ್ಲ ಅಂತ ಕಾಡಸಿದ್ದಪ್ಪನೂ ಒಂದು ಹಾಕಿದ.

ಇಂಥವರ ಫೋನಿಗೆ ಒಂದು ಮಧ್ಯಾಹ್ನ ಆ ಫೋಟೋ ಬಂತು. ಗುಡಿಯ ಮಳಿಗೆಯಲ್ಲಿ ರವಿಕೆ ಹೊಲಿಯುವ ಮಂಜುಳಾಳದು. ಇಪ್ಪತ್ತೇಳು ವರ್ಷದ ಹೆಣ್ಣುಮಗಳು, ಮದುವೆಯಾಗುವವನು ಅಂತ ನಂಬಿ ಪರಮೇಶನೊಬ್ಬನಿಗೇ ಕಳಿಸಿದ್ದ ಖಾಸಗಿ ಫೋಟೋ. ಅವನ ಕುಡಿತ ನೋಡಲಾರದೆ ಅವಳು ಮದುವೆ ಬೇಡವೆಂದಳು. ಆ ಹೊಟ್ಟೆಯುರಿಗೆ ಅವನು ಫೋಟೋವನ್ನು ಚನ್ನಮಲ್ಲಯ್ಯನವರಿಗೆ ಕಳಿಸಿ, ‘ನಿಮ್ಮ ಗುಡಿ ಮಳಿಗೇಲಿ ಎಂಥೋಳನ್ನ ಇಟ್ಟಿದ್ದೀರ ನೋಡಿ’ ಎಂದು ಬರೆದಿದ್ದ.

ಚನ್ನಮಲ್ಲಯ್ಯನವರು ನೋಡಿದರು. ಶಿವಶಿವಾ ಅಂದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು, ನ್ಯಾಯ ಹೇಳುವವರು ಅರೆಬರೆ ನೋಡಬಾರದಲ್ಲ! ಆಮೇಲೆ ಅವರಿಗೆ ಊರಿನ ಗಂಡುಮಕ್ಕಳ ನೆನಪಾಗಿ ಎದೆ ಝಲ್ಲೆಂದಿತು. ಈ ಹೊಲಸು ಅವರ ಕಣ್ಣಿಗೆ ಬಿದ್ದರೆ ಗತಿಯೇನು? ತಡಮಾಡದೆ ಬರೆದರು: ‘ಎಚ್ಚರಿಕೆ! ಈ ಫೋಟೋ ಹರಿದಾಡುತ್ತಿದೆ. ದಯವಿಟ್ಟು ಯಾರೂ ನೋಡಬೇಡಿ. ಬಂದ ಕೂಡಲೇ ಅಳಿಸಿ. ಎಲ್ಲರಿಗೂ ತಿಳಿಸಿ.’ ಬರೆದು, ಯಾವ ಫೋಟೋ ಎಂದು ಜನಕ್ಕೆ ಗೊತ್ತಾಗಬೇಡವೇ ಅಂತ, ಫೋಟೋವನ್ನೂ ಜೊತೆಗೆ ಲಗತ್ತಿಸಿ ಊರ ಗ್ರೂಪಿಗೆ ಹಾಕಿದರು. ಭಜನೆ ಗ್ರೂಪಿಗೂ ಹಾಕಿದರು. ಎಂದಿನಂತೆ ಎಲ್ಲರೂ ಕೈಮುಗಿದರು.

ಮಾರನೆಯ ದಿನದಿಂದ ಮಂಜುಳಾಳ ಮಳಿಗೆಗೆ ಹೆಂಗಸರು ಬರುವುದು ನಿಂತಿತು. ಬಂದವರು ಗಂಡಸರು! ಜನ್ಮದಲ್ಲಿ ಸೂಜಿಗೆ ದಾರ ಪೋಣಿಸದವರೆಲ್ಲ ಹರಿದ ಪಂಚೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತರು. ಥೂ, ನಾಚಿಕೆಗೆಟ್ಟವರು. ಹುಡುಗಿ ಷಟರ್ ಎಳೆದು ಒಳಗೇ ಕೂತು ಅತ್ತಳು. ಅವಳಪ್ಪ ಪಾಲಪ್ಪ ಮನೆಯ ಹೊಸಿಲು ದಾಟಲಿಲ್ಲ, ಮಗಳ ಮುಖ ನೋಡಲಿಲ್ಲ. ಇಷ್ಟಾದ ಮೇಲೆ ಗುಡಿಯ ಮರ್ಯಾದೆ ಉಳಿಸಲು ಅವಳ ಮಳಿಗೆ ಬಿಡಿಸಬೇಕೆಂದು ಚನ್ನಮಲ್ಲಯ್ಯನವರು ಸೋಮವಾರ ನ್ಯಾಯ ಸೇರಿಸಿದರು. ಅವಳ ಅನ್ನವೇ ಆ ಮಳಿಗೆ. ಅದು ಹೋದರೆ ಊರೂ ಹೋದಂತೆ.

ಆ ಗುಡಿಯಲ್ಲಿ ನ್ಯಾಯವೆಂದರೆ ಕರ್ಪೂರ. ತಟ್ಟೆಯಲ್ಲಿ ಕರ್ಪೂರ ಹಚ್ಚಿ ಈಶ್ವರನ ಮುಂದಿಡುತ್ತಾರೆ. ತಪ್ಪು ಮಾಡಿಲ್ಲ ಅನ್ನುವವನು ಅಂಗೈಯಿಂದ ಅದನ್ನು ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ಮನೆ ಹಾಳಾಗುತ್ತದೆಂದು ಎಂಥ ಪುಂಡನೂ ಹೆದರುತ್ತಾನೆ. ಕೋಳಿ ಕದ್ದವರನ್ನೂ ಬದು ಒತ್ತಿದವರನ್ನೂ ಚನ್ನಮಲ್ಲಯ್ಯನವರು ಹೀಗೇ ಹಿಡಿದು ಹಾಕಿದ್ದರು.

ಪರಮೇಶ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಗಂಡುಹುಡುಗ, ಪಾಪ, ಮನಸ್ಸು ಮುರಿದಿದೆ! ಚನ್ನಮಲ್ಲಯ್ಯನವರು ಕರ್ಪೂರ ಹಚ್ಚಿ ಮಂಜುಳಾಳ ಕಡೆ ತಟ್ಟೆ ತಳ್ಳಿದರು.

“ಆ ಫೋಟೋದಲ್ಲಿರೋದು ನೀನಲ್ಲ ಅನ್ನಂಗಿದ್ರೆ ಆರ್ಸವ್ವ.”

“ಅದು ನಾನೇ ಕಣ್ರೀ ಅಯ್ನೋರೆ,” ಎಂದಳು ಮಂಜುಳಾ. “ಅದಕ್ಯಾಕೆ ಕರ್ಪೂರ? ನಾನು ಕಳಿಸಿದ್ದು ಒಬ್ಬಂಗೆ. ಅವನು ನಂಬಿಕೆ ಕೆಡಿಸಿ ಕಳಿಸಿದ್ದು ನಿಮಗೆ. ಊರಿಗೆಲ್ಲ ಹಂಚಿದ್ದು ಯಾರು? ನಾನು ಯಾರಿಗೂ ಕಳಿಸಿಲ್ಲ ಅನ್ನೋರು ಯಾರಾದ್ರೂ ಇದ್ರೆ ಬಂದು ಆರಿಸ್ಲಿ.”

ಒಬ್ಬ ಕೆಮ್ಮಿದ. ಒಬ್ಬನಿಗೆ ಹೊಲದ ಮೋಟ್ರು ನೆನಪಾಯಿತು. ಪಂಚೆ ಹೊಲಿಸಲು ಹೋಗಿದ್ದ ಮಹನೀಯರೆಲ್ಲ ಗೋಪುರದ ಪಾರಿವಾಳ ನೋಡತೊಡಗಿದರು. ಚನ್ನಮಲ್ಲಯ್ಯನವರು ತಾವಾದರೂ ಗುಡಿಯ ಮಾನ ಉಳಿಸೋಣವೆಂದು ಕೈ ಎತ್ತಿದರು. ಎತ್ತಿದ ಕೈ ಮುಂದೆ ಹೋಗಲೊಲ್ಲದು. ಏನೇ ಇರಲಿ, ಶಿವನ ಭಯ ಅವರಿಗೆ ನಿಜವಾಗಿಯೂ ಇತ್ತು. ಅವರು ನೋಡುತ್ತಿದ್ದಂತೆಯೇ ಕರ್ಪೂರ ತಾನಾಗಿ ಉರಿದು ಮುಗಿಯಿತು.

“ನೋಡಬೇಡಿ ಅಂತ್ಲೇ ಬರ್ದಿದ್ದೆ ಕಣವ್ವ,” ಎಂದರು. “ಅಷ್ಟು ದೊಡ್ಡದಾಗಿ ಬರ್ದಿದ್ದೆ.”

“ನಮ್ಮಪ್ಪಂಗೆ ಓದಕ್ಕೆ ಬರಲ್ಲ ಅಯ್ನೋರೆ. ಅವನು ಫೋಟೋನೇ ನೋಡಿದ್ದು.”

ಮಳಿಗೆ ಬಿಡಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹೆಂಗಸರ ಗುಂಪಿನಿಂದ ಚನ್ನಮಲ್ಲಯ್ಯನವರ ಹೆಂಡತಿ ಜಗದಾಂಬ ಎದ್ದು ಬಂದು, ಗಂಡನ ಅಂಗಿ ಜೇಬಿಗೆ ಕೈಹಾಕಿ ಫೋನು ತೆಗೆದುಕೊಂಡರು.

“ಲೇ, ಎಲ್ಲಿಗೆ ಅದು?”

“ಶಿರಾ ಪೊಲೀಸ್ ಠಾಣೆಗೆ. ಪರಮೇಶ ನಿಮಗೆ ಕಳಿಸಿದ್ದೂ ಇದ್ರಲ್ಲೈತೆ, ನೀವು ಊರಿಗೆ ಕಳಿಸಿದ್ದೂ ಇದ್ರಲ್ಲೈತೆ,” ಎಂದ ಜಗದಾಂಬ ಮಂಜುಳಾಳ ಕೈ ಹಿಡಿದರು. “ನಡಿ ಮಗ, ಬಸ್ಸು ಹೊಂಟೋಯ್ತದೆ.”