ಹನ್ನೊಂದು ಬೀಗದ ಬಾಗಿಲಿಗೆ ರಂಗೋಲಿ ಹಾಕುವ ಕಲ್ಲವ್ವ

"ನೀರು ಹಾಕ್ತೇನ್ರೀ... ಕಾಲು ಮ್ಯಾಲೆ ತಗೋರ್ರೀ..."

ಹೀಗೆ ಕೂಗಿ ಕಲ್ಲವ್ವ ಸುಮ್ಮನೆ ನಿಲ್ಲುತ್ತಾಳೆ. ಎದುರಿಗೆ ಮುಷ್ಟಿಯಷ್ಟು ದೊಡ್ಡ ಬೀಗ ಹಾಕಿದ ಬಾಗಿಲು. ತುಕ್ಕು ಹಿಡಿದು ಬೀಗ ಯಾವುದು, ಚಿಲಕ ಯಾವುದು ಎಂಬುದೇ ತಿಳಿಯುವುದಿಲ್ಲ. ಆ ಮನೆಯಲ್ಲಿ ಜನರಿಲ್ಲದೆ ಐವತ್ತು ವರ್ಷವಾಗಿದೆ. ಆದರೂ ಆಕೆ ಕಾಯುತ್ತಾಳೆ. ಜಗಲಿಯ ಮೇಲೆ ಕೂತವರೊಬ್ಬರು ಕಾಲು ಎತ್ತಿ ಮೇಲಿಟ್ಟುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಕೊಡ ಬಗ್ಗಿಸಿ ಸಗಣಿ ನೀರಿನ ಥಳಿ ಹೊಡೆಯುತ್ತಾಳೆ. ಗುಡಿಸುತ್ತಾಳೆ. ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತಾಳೆ. ಎದ್ದು ಮುಂದಿನ ಬೀಗದ ಬಾಗಿಲಿಗೆ ಹೋಗುತ್ತಾಳೆ.

ಪುಷ್ಯಮಾಸದ ಮುಂಜಾನೆ. ಮಂಜು ಓಣಿಯೊಳಗೆ ಇಳಿದು ಕೂತಿದೆ. ನಾಲ್ಕು ಮಾರು ಹಿಂದೆ ನಿಂತ ನನಗೆ ಆಕೆ ಆಗಾಗ ಕಾಣುವುದೇ ಇಲ್ಲ, ಕೂಗು ಮಾತ್ರ ಕೇಳುತ್ತದೆ. ಮೂರನೆಯ ಬಾಗಿಲಿನಲ್ಲಿ ಆಕೆ ಕೂಗಿದ ಮೇಲೆ ಒಳಗೆ ಏನೋ ಸರಿದಂತೆ ಸದ್ದಾಗುತ್ತದೆ. ಇಲಿ ಇರಬೇಕು. ನಾನು ಪಟ್ಟಣದಿಂದ ಬಂದವನು, ಪತ್ರಿಕೆಯವನು, ದೆವ್ವಗಿವ್ವ ನಂಬುವವನಲ್ಲ. ಆದರೂ ಮೂರನೆಯ ಬಾಗಿಲು ದಾಟುವಾಗ ಓಣಿಯ ಆಚೆ ಅಂಚಿಗೆ ಸರಿದು ನಡೆದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇದು ಶಿರಸಿಯ ಮೆಣಸಿನ ಓಣಿ. ಒಂದು ಕಾಲಕ್ಕೆ ಹೆಗಡೆಕಟ್ಟಾ ಕಡೆಯ ಕಾಳುಮೆಣಸೆಲ್ಲ ಹೇರೆತ್ತುಗಳ ಬೆನ್ನ ಮೇಲೆ ಇಲ್ಲಿಗೆ ಬಂದು, ಇಲ್ಲಿಂದ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತಂತೆ. ಮನೆಗಳ ಜಗಲಿಗಳು ಸರಿಯಾಗಿ ಎತ್ತಿನ ಬೆನ್ನಿನ ಎತ್ತರಕ್ಕಿವೆ, ಚೀಲ ಇಳಿಸಲು ಸುಲಭವಾಗಲಿ ಎಂದು. ಓಣಿ ನಡುವೆ ಸೊಂಟ ತಿರುಗಿಸಿಕೊಂಡು ನಿಂತಿದೆ. ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣದು. ಸುಂಕದವರ ಕಣ್ಣಿಗೆ ಎತ್ತುಗಳೆಲ್ಲ ಒಮ್ಮೆಗೇ ಬೀಳಬಾರದೆಂದು ಹಿರಿಯರು ಬೇಕೆಂದೇ ಹೀಗೆ ಕಟ್ಟಿದರು ಎಂದು ಓಣಿಯ ಬಾಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಚನ್ನಯ್ಯ ಹೇಳುತ್ತಾರೆ. ಎಪ್ಪತ್ತು ದಾಟಿದ ಅವರೇ ಈ ಓಣಿಯ ಚರಿತ್ರೆಯ ಪುಸ್ತಕ. ನಡುನಡುವೆ ಹಾಳೆ ಹರಿದಿದೆ, ಅಷ್ಟೆ.

"ಮೊದಲ ಮಳಿ ಬಿತ್ತಂದ್ರ ಈಗೂ ಮೆಣಸಿನ ಘಾಟು ಏಳತೈತ್ರಿ" ಎನ್ನುತ್ತಾರೆ ಅವರು. "ನಾವು ಹೊರಗ ಸೀನತೇವಿ. ಒಳಗೂ ಸೀನಿದಂಗ ಕೇಳಸತೈತಿ. ನಾ ಅಂತೂ ಆವಾಗ ರೇಡಿಯೋ ದೊಡ್ಡದು ಮಾಡಿ ಕುಂದರತೇನಿ."

ಪ್ಲೇಗು ಬಂದ ವರ್ಷ ಓಣಿಯವರು ಮನೆಗೆ ಬೀಗ ಹಾಕಿ ಊರಾಚೆಯ ಗುಡ್ಡದಲ್ಲಿ ಗುಡಿಸಲು ಕಟ್ಟಿಕೊಂಡರು. ಹೋಗುವಾಗ, ಓಣಿ ಬಿಡದೆ ಉಳಿದ ಕಲ್ಲವ್ವನ ಅತ್ತೆ ಮುರಿಗೆವ್ವನಿಗೆ ಒಂದು ಮಾತು ಹೇಳಿ ಹೋದರು: ನಾವು ತಿರುಗಿ ಬರುವವರೆಗೆ ದಿನಾ ಬಾಗಿಲಿಗೆ ನೀರು, ರಂಗೋಲಿ ಬೀಳಲಿ. ಈ ಕಡೆ ಸಾವಾದ ಮನೆಯ ಮುಂದೆ ಸೂತಕ ಕಳೆಯುವ ತನಕ ರಂಗೋಲಿ ಬೀಳುವುದಿಲ್ಲ. ಬರಿದಾದ ಹೊಸ್ತಿಲೆಂದರೆ ಒಳಗೊಬ್ಬರು ಹೋದರೆಂದೇ ಅರ್ಥ. ಬದುಕಿರುವಾಗಲೇ ತಮ್ಮ ಮನೆ ಹಾಗೆ ಕಾಣುವುದು ಯಾರಿಗೂ ಬೇಡವಾಗಿತ್ತು. ಹೀಗೆ ಹೋದವರಲ್ಲಿ ಹಲವರು ಗುಡ್ಡದಲ್ಲೇ ಮಣ್ಣಾದರು. ಉಳಿದವರು ಹುಬ್ಬಳ್ಳಿ, ಹಾವೇರಿ ಎಂದು ಚದುರಿದರು. ಇಪ್ಪತ್ಮೂರು ಮನೆಗಳಲ್ಲಿ ಹನ್ನೆರಡಕ್ಕೆ ಜನ ಮರಳಿ ಬಂದರು, ಹನ್ನೊಂದಕ್ಕೆ ಬೀಗ ಉಳಿಯಿತು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಐದು ವರ್ಷ ಕಳೆದರೂ ಆ ಹನ್ನೊಂದು ಹೊಸ್ತಿಲು ಒಂದು ದಿನವೂ ಬರಿದಾಗಿಲ್ಲ.

ಕಲ್ಲವ್ವನಿಗೆ ಈಗ ಐವತ್ತೈದರ ಮೇಲೆ. ಗಂಡ ನಾಗಪ್ಪ ಬಂಡಿ ಹೊಡೆಯುತ್ತಿದ್ದವನು, ತೀರಿಕೊಂಡು ಹತ್ತು ವರ್ಷ. ಓಣಿಯ ಕೆಳ ತುದಿಯ ಒಂದಂಕಣದ ಮನೆಯಲ್ಲಿ ಆಕೆ ಒಬ್ಬಳೇ. ನಸುಕಿನಲ್ಲಿ ಬಾವಿಯಿಂದ ಇಪ್ಪತ್ತೆರಡು ಕೊಡ ನೀರು, ಅಂದರೆ ಬಾಗಿಲಿಗೆ ಎರಡು. ಬೆಳಗಾದ ಮೇಲೆ ಸಂಜೆಯವರೆಗೆ ಸಾಹುಕಾರರ ವಖಾರಿಯಲ್ಲಿ ಅಡಿಕೆ ಆರಿಸುವ ಕೂಲಿ. ಬಾಗಿಲು ಕೆಲಸಕ್ಕೆ ಏನು ಸಿಗುತ್ತದೆಂದು ಕೇಳಿದರೆ ನಗುತ್ತಾಳೆ. ಹಾವೇರಿಯ ಒಂದು ಮನೆಯವರು ಯುಗಾದಿಗೆ ಒಂದು ಸೀರೆ ಕಳಿಸುತ್ತಾರೆ, ಅಷ್ಟೆ.

"ಒಂದೊಂದು ಮನಿಗೆ ಒಂದೊಂದು ರಂಗೋಲಿ ಐತ್ರಿ. ಅತ್ತಿ ಕಲಿಸಿದ್ದು. ಇವರ ಮನೀದು ಅವರ ಮನಿಗೆ ಹಾಕಂಗಿಲ್ಲ. ಹಾಕಿದ್ರ ತಮ್ಮ ಮನಿ ಗುರ್ತು ಹೆಂಗ ಸಿಗಬೇಕು ಅವರಿಗೆ?"

ಯಾರಿಗೆ ಎಂದು ನಾನು ಕೇಳಲಿಲ್ಲ.

ಓಣಿಯ ಹಣೆಬರಹ ಕೆಟ್ಟದ್ದು ಹೋದ ಕಾರ್ತೀಕದಲ್ಲಿ. ಯಲ್ಲಾಪುರ, ಕಿರವತ್ತಿ ಕಡೆಯಿಂದ ಮರ ಹೇರಿ ಬರುವ ನಾಟಾ ಲಾರಿಗಳು ಊರೊಳಗೆ ತಿರುಗಲು ಜಾಗ ಸಾಲದೆಂದು ಈ ಓಣಿಯನ್ನು ಅಗಲ ಮಾಡುವುದೆಂದು ತೀರ್ಮಾನವಾಯಿತು. ಜನರಿಲ್ಲದ ಮನೆ ಯಾವುದು, ಜನರಿರುವುದು ಯಾವುದು ಎಂದು ಪಟ್ಟಿ ಮಾಡಲು ಕಚೇರಿಯವರು ಬನವಾಸಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಶಾಲಾ ಮಾಸ್ತರ ಮಧುಕೇಶ್ವರನನ್ನು ಕಳಿಸಿದರು. ಶಾಲೆಗೆ ತಡವಾಗಬಾರದೆಂದು ಆತ ಬಂದದ್ದು ಬೆಳಗು ಹರಿಯುವ ಮೊದಲೇ. ಎಲ್ಲ ಹೊಸ್ತಿಲುಗಳೂ ಒದ್ದೆ, ಎಲ್ಲದರ ಮುಂದೆಯೂ ಹಸಿ ರಂಗೋಲಿ. ಕತ್ತಲಲ್ಲಿ ಬೀಗ ಕಂಡರೂ ತುಕ್ಕು ಕಾಣದೆ, ಹೊತ್ತಾರೆ ಕೆಲಸಕ್ಕೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದೇ ಎಣಿಸಿದ. ಈ ಕಡೆಯ ರೂಢಿ ಬಲ್ಲ ಹೊಸಬರು ಯಾರೇ ಆದರೂ ಹಾಗೇ ಎಣಿಸುತ್ತಿದ್ದರು. ಬರಿಗೊಡ ಹಿಡಿದು ನಿಂತಿದ್ದ ಕಲ್ಲವ್ವನನ್ನು ಒಂದೊಂದು ಮನೆ ತೋರಿಸಿ ಕೇಳಿದ, ಆಕೆ ಹೇಳಿದಳು, ಆತ ಬರೆದುಕೊಂಡ. ಬೀಗದ ಮನೆಗಳಲ್ಲಿ ಹತ್ತು, ನಲವತ್ತೊಂದು ಹೆಸರು.

"ಈ ಮನ್ಯಾಗ ಯಾರ್‍ಯಾರು ಅಂದ್ರು, ಹೇಳಿದ್ನಿ" ಎನ್ನುತ್ತಾಳೆ ಕಲ್ಲವ್ವ. "ಅತ್ತಿ ನನಗ ಎಲ್ಲಾ ಹೆಸರೂ ಬಾಯಿಪಾಠ ಮಾಡ್ಸಿದ್ಲು. ಬದುಕ್ಯಾರೇನು ಅಂತ ಮಾಸ್ತರು ಕೇಳಲಿಲ್ಲ, ನಾ ಹೇಳಲಿಲ್ಲ."

ಉಳಿದದ್ದು ಒಂಬತ್ತನೆಯ ಬಾಗಿಲು. ಆ ಮನೆಯವರು ಓಣಿಗೆ ಬಂದ ವರ್ಷವೇ ಪ್ಲೇಗಿಗೆ ಹೆದರಿ ಕುಮಟೆಗೆ ಹೋದದ್ದರಿಂದ ಅತ್ತೆಗೂ ಹೆಸರು ತಿಳಿದಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಕಲ್ಲವ್ವ ಮುಂದಕ್ಕೆ ನಡೆದಳು. ಮಾಸ್ತರ ಒಬ್ಬನೇ ಆ ಜಗಲಿ ಹತ್ತಿದ.

ಆಮೇಲೆ ನಡೆದದ್ದನ್ನು ಊಹಿಸಬಹುದು. ಮನೆ ಬಿಡಬೇಕೆಂಬ ನೋಟೀಸುಗಳನ್ನು ಹಿಡಿದು ಬಂದ ಪೇದೆಗೆ ತೆಗೆದುಕೊಳ್ಳುವವರು ಸಿಗಲಿಲ್ಲ. ಐವತ್ತು ವರ್ಷದ ಹಿಂದೆ ಗುಡ್ಡದಲ್ಲಿ ಮಣ್ಣಾದವರ ಹೆಸರಿಗೆ ನೋಟೀಸು ಹೊರಟಿತ್ತು! ಮಾಸ್ತರನಿಗೆ ಮಂಗಳಾರತಿಯಾಯಿತು. ರಸ್ತೆಯ ಕೆಲಸ ನಿಂತಿತು. ಮೇಲ್ವಿಚಾರಕ ವೀರಪ್ಪನವರು ಕಾಗದವೊಂದನ್ನು ತಂದು ಕಲ್ಲವ್ವನ ಮುಂದಿಟ್ಟರು. 'ಈ ಹನ್ನೊಂದು ಮನೆಗಳಲ್ಲಿ ಯಾರೂ ವಾಸವಿಲ್ಲ' ಎಂದು ಮನೆ ನೋಡಿಕೊಳ್ಳುವವಳು ಹೆಬ್ಬೆಟ್ಟು ಒತ್ತಿದರೆ ಕೆಡವಲು ಅಡ್ಡಿಯಿಲ್ಲ, ಒತ್ತದಿದ್ದರೆ ವಾರಸುದಾರರನ್ನು ಹುಡುಕುತ್ತ ಊರೂರು ಅಲೆಯಬೇಕು. ಕಲ್ಲವ್ವ ಒತ್ತಲಿಲ್ಲ. ಒಂದು ತಿಂಗಳು ವೀರಪ್ಪನವರು ಗದರಿಸಿದರು, ರಮಿಸಿದರು, ಮಗಳ ಕೈಲಿ ಅವಲಕ್ಕಿ ಕಳಿಸಿದರು. ಅವಲಕ್ಕಿ ತಿಂದಳು, ಹೆಬ್ಬೆಟ್ಟು ಕೊಡಲಿಲ್ಲ.

ಸತ್ತವರ ಮೇಲೆ ಇಷ್ಟೊಂದು ಹಟವೇಕೆ ಎಂದು ನಾನೂ ಕೇಳಿದೆ. ಕೈಯ ರಂಗೋಲಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಜಗಲಿಯ ಮೇಲೆ ಕೂತಳು.

"ನನಗೂ ಒಬ್ಬಾಕಿ ಮಗಳಿದ್ಲ್ರಿ. ಹೊನ್ನಿ ಅಂತ. ಏಳು ವರ್ಷದಾಕಿ. ಹಿಂಗ ಒಂದು ಮಂಜಿನ ಮುಂಜಾನಿ ಬೆನ್ನ ಹತ್ತಿ ಬಂದಿದ್ಲು. ಎಂಟನೇ ಬಾಗಲದಾಗ ಸೆರಗು ಹಿಡದಿದ್ಲು. ಹತ್ತನೇ ಬಾಗಲದಾಗ ಹೊಳ್ಳಿ ನೋಡಿದ್ರ ಇಲ್ಲ."

ಇದು ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು. ಬಾವಿಗಳನ್ನು ಜಾಲಾಡಿದರು, ಗುಡ್ಡ ಹುಡುಕಿದರು, ಹನ್ನೊಂದೂ ಬೀಗಗಳನ್ನು ಎಳೆದು ನೋಡಿದರು. ಯಾವುದೂ ಬಿಚ್ಚಿರಲಿಲ್ಲ. ಚಿರತೆ ಒಯ್ದಿರಬೇಕು ಎಂದು ಊರು ತೀರ್ಮಾನಿಸಿತು. ಆಗೆಲ್ಲ ಚಿರತೆ ಊರೊಳಗೇ ಬರುತ್ತಿದ್ದದ್ದು ನಿಜ. ಆದರೆ ಒಂದು ಹನಿ ರಕ್ತ, ಒಂದು ಬಟ್ಟೆಯ ಚೂರು ಯಾರಿಗೂ ಸಿಗಲಿಲ್ಲ.

"ಮರುದಿನ ಎಲ್ಲಾರೂ ಅಂದ್ರು, ಇವತ್ತು ರಂಗೋಲಿ ಬ್ಯಾಡ ಬಿಡವಾ ಅಂತ. ಹೆಂಗ ಬಿಡ್ಲಿ? ಬಿಟ್ರ ಮಗಳು ಸತ್ತಳಂತ ನಾನ ಸಾರಿದಂಗ ಆಗ್ತಿತ್ತಲ್ಲ. ಎದ್ದು ಹನ್ನೊಂದೂ ಬಾಗಲಕ್ಕ ಹಾಕಿದ್ನಿ. ಆವತ್ತಿನಿಂದ ಬಿಟ್ಟಿಲ್ಲ."

ಪ್ರತಿ ಬಾಗಿಲಿನಲ್ಲೂ ಆಕೆ ಕೂಗಿ ಕಾಯುವುದು ಯಾರಿಗಾಗಿ ಎಂಬುದು ಆಗ ತಿಳಿಯಿತು.

ವೀರಪ್ಪನವರು ಇಂದು ಕಮ್ಮಾರನನ್ನು ಕರೆದುಕೊಂಡು ಬಂದಿದ್ದಾರೆ. ಜೊತೆಗೆ ಮಾಸ್ತರ ಮಧುಕೇಶ್ವರ. ತೆರೆಯಬೇಕಾದದ್ದು ಒಂಬತ್ತನೆಯ ಬಾಗಿಲು ಮಾತ್ರ. ಯಾಕೆಂದರೆ ಪಟ್ಟಿಯಲ್ಲಿ ಆ ಮನೆಯ ಮುಂದೆಯೂ ಒಂದು ಹೆಸರಿದೆ. ಉಳಿದ ನಲವತ್ತೊಂದು ಹೆಸರುಗಳು ಎಲ್ಲಿಂದ ಬಂದವು ಎಂಬುದು ಗೊತ್ತಾಗಿದೆ. ನಲವತ್ತೆರಡನೆಯದನ್ನು ಕಲ್ಲವ್ವ ಹೇಳಿದ್ದಲ್ಲ. ವೀರಪ್ಪನವರು ಪಟ್ಟಿಯಿಂದ ಅದನ್ನು ಗಟ್ಟಿಯಾಗಿ ಓದುತ್ತಾರೆ: "ಹೊನ್ನಿ, ಹೆಣ್ಣು, ವಯಸ್ಸು ಏಳು."

ಕಲ್ಲವ್ವ ಕೈಯಲ್ಲಿದ್ದ ಕೊಡ ಕೆಳಗಿಡುತ್ತಾಳೆ.

"ಇದನ್ನ ಯಾರು ಹೇಳಿದ್ರು ಮಾಸ್ತರ?" ಎಂದು ವೀರಪ್ಪನವರು ಗದರುತ್ತಾರೆ. ಮಾಸ್ತರ ಇನ್ನೂ ಮೂವತ್ತು ಮುಟ್ಟದ ಹುಡುಗ. "ಬಾಗಲಾ ಬಡದು ಕೇಳಿದೆ ಸರ್. ಒಳಗಿಂದ ಹುಡುಗಿ ದನಿ ಬಂತು. ಹೆಸರು ಕೇಳಿದೆ, ವಯಸ್ಸು ಕೇಳಿದೆ, ಹೇಳಿದ್ಲು. ಮನ್ಯಾಗ ಬ್ಯಾರೆ ಯಾರದಾರವಾ ಅಂದೆ." ಕಲ್ಲವ್ವನ ಕಡೆ ನೋಡುತ್ತಾನೆ. "ಅವ್ವ ಹೊರಗದಾಳ ಅಂದ್ಲು."

ಬೀಗ ಒಡೆಯಲು ಕಮ್ಮಾರನಿಗೆ ಎರಡು ಪೆಟ್ಟು ಸಾಕಾಗುತ್ತದೆ. ಬಾಗಿಲು ನೂಕಿದಾಗ ಒಳಗಿನಿಂದ ಹಳೆಯ ಮೆಣಸಿನ ಘಾಟು ಬಂದು ಎಲ್ಲರೂ ಸೀನುತ್ತಾರೆ. ಹಿಂದಿನ ಗೋಡೆ ಎಂದೋ ಬಿದ್ದಿದೆ. ಮಾಡು ಕುಸಿದು ಹಿತ್ತಲ ಬಾಗಿಲು ಮಣ್ಣಿನಲ್ಲಿ ಹೂತಿದೆ. ನೆಲದ ಮೇಲೆ ಬೆರಳುದ್ದ ದೂಳು, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ಹೊಸ್ತಿಲಿಗೆ ಅಂಟಿಕೊಂಡಂತೆ ಒಳಬದಿಯಲ್ಲಿ ಮಾತ್ರ ಒಂದು ಮಗು ಕುಕ್ಕರಗಾಲಲ್ಲಿ ಕೂರುವಷ್ಟು ಜಾಗ ಚೊಕ್ಕಟವಾಗಿದೆ. ಹೊರಗೆ ಹೊಡೆದ ನೀರು ಬಾಗಿಲ ಸಂದಿಯಿಂದ ಹರಿದು ತೊಳೆದಿರಬೇಕು ಎಂದು ವೀರಪ್ಪನವರು ಎರಡು ಸಲ ಹೇಳುತ್ತಾರೆ. ಇರಬಹುದು. ಓಣಿಯ ಯಾವುದೋ ತುಂಟ ಹುಡುಗಿ ಬಿದ್ದ ಗೋಡೆಯ ಕಡೆಯಿಂದ ಮಾಸ್ತರನನ್ನು ಆಡಿಸಿರಲೂಬಹುದು. ಪತ್ರಿಕೆಯವನಾಗಿ ನಾನು ಇವೆರಡನ್ನೂ ಬರೆಯಬೇಕು, ಬರೆದಿದ್ದೇನೆ.

ಕಲ್ಲವ್ವ ಒಳಗೆ ಕಾಲಿಡುವುದಿಲ್ಲ. ಮಾಸ್ತರನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳುತ್ತಾಳೆ: "ಹೆಂಗ ಮಾತಾಡಿದ್ಲ್ರೀ? ಅಳ್ತಿದ್ಲೇನು? ಚಳಿ ಹತ್ತಿದಂಗಿತ್ತೇನು ದನಿ?"

"ಇಲ್ಲವ್ವಾ" ಎನ್ನುತ್ತಾನೆ ಮಾಸ್ತರ. "ಬೇಸರ ಆದಂಗಿತ್ತು. ಕಾದು ಕಾದು ಬೇಸರ ಆಗತೈತಲ್ಲ, ಹಂಗ."

ಆಕೆ ತಲೆಯಾಡಿಸುತ್ತಾಳೆ. ಆಮೇಲೆ ವೀರಪ್ಪನವರ ಕಡೆ ತಿರುಗಿ, ಒಂದು ತಿಂಗಳಿನಿಂದ ಕೊಡದ ಬಲಗೈ ಹೆಬ್ಬೆಟ್ಟನ್ನು ತಾನಾಗಿಯೇ ಮುಂದೆ ಚಾಚುತ್ತಾಳೆ.

"ಒತ್ತತೇನ್ರಿ ಸಾಹೇಬ್ರ. ಹನ್ನೊಂದೂ ಮನಿ ಕೆಡವ್ರಿ, ಎಲ್ಲಾರ ಹೆಸರೂ ಹೊಡದ ಹಾಕ್ರಿ. ಹೋದವ್ರು ನನ್ನ ಮ್ಯಾಲ ಸಿಟ್ಟಾಗಂಗಿಲ್ಲ, ಇಷ್ಟು ವರ್ಷ ನೀರು ಹಾಕೇನಿ. ಆದ್ರ ನನ್ನದೊಂದು ಮಾತು ನಡಸಿ ಕೊಡ್ರಿ. ನನ್ನ ಮನಿ ಮುಂದ ಒಬ್ಬಾಕಿ ಅಂತ ಬರದೀರಲ್ಲ, ಅಲ್ಲಿ ಇಬ್ಬರು ಅಂತ ಮಾಡ್ರಿ. ಹೊನ್ನೀನ್ನ ನನ್ನ ಮನಿ ಪಟ್ಟ್ಯಾಗ ಹಾಕ್ರಿ. ಹುಟ್ಟಿದ್ದೂ ಯಾರೂ ಬರಕೊಂಡಿಲ್ಲ, ಸಾಲಿ ಪುಸ್ತಕದಾಗೂ ಹೆಸರಿಲ್ಲ. ಮಾಸ್ತರು ಬರಕೊಂಡಿದ್ದ ಮೊದಲು."

ವೀರಪ್ಪನವರು ನನ್ನ ಮುಖ ನೋಡುತ್ತಾರೆ, ಮಾಸ್ತರನ ಮುಖ ನೋಡುತ್ತಾರೆ. ಕಡೆಗೆ ಜಗಲಿಯ ಮೇಲೆ ಪಟ್ಟಿ ಹರಡಿ, ಲೇಖಣಿಯ ಟೋಪಿ ತೆಗೆದು, ಓಣಿಯ ಕೆಳ ತುದಿಯ ಒಂದಂಕಣದ ಮನೆಯ ಮುಂದೆ ಹೆಸರು ಬರೆಯುತ್ತಾರೆ. ವಯಸ್ಸಿನ ಕಾಲಮಿಗೆ ಬಂದು ಕೈ ತಡೆಯುತ್ತದೆ. "ಅಲ್ಲವಾ ಕಲ್ಲವ್ವ, ಇಪ್ಪತ್ನಾಕು ವರ್ಷ ಆತು. ಲೆಕ್ಕದ ಪ್ರಕಾರ ಮೂವತ್ತೊಂದು ಬರೀಬೇಕಲ್ಲ?"

"ಬ್ಯಾಡ್ರಿ" ಎನ್ನುತ್ತಾಳೆ ಕಲ್ಲವ್ವ. "ಏಳಂತ ಆಕೀನ ಹೇಳ್ಯಾಳಲ್ರಿ."