ಹುದ್ದೆ: ಲೂಮ್ ಮೇಸ್ತ್ರಿ

ಜೂನ್ ೧೨, ಬೆಳಿಗ್ಗೆ ಏಳೂಕಾಲು. ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯ ನಮ್ಮ ನೇಯ್ಗೆ ಕಾರ್ಖಾನೆಯಿಂದ ಇಟಲಿಯ ಎಂಜಿನಿಯರ್ ಹೊರಟುಹೋಗಿ ಇಂದಿಗೆ ನಲವತ್ತೊಂದು ದಿನ.

ಹೊಸ ಮಗ್ಗಗಳನ್ನು ಕೂರಿಸಿ ನಮಗೆ ಕಲಿಸಿಕೊಡಲು ಅವರು ಒಂದು ವರ್ಷದ ಕೆಲಸದ ವೀಸಾದಲ್ಲಿ ಬಂದಿದ್ದರು. ಹನ್ನೆರಡರಲ್ಲಿ ಒಂಬತ್ತು ಮಗ್ಗ ಓಡಿದವು. ಸದ್ದು ಕೇಳಿಯೇ ಯಾವುದರಲ್ಲಿ ಎಳೆ ಕಡಿಯುತ್ತದೆ ಎಂದು ಮೊದಲೇ ಹೇಳಿಬಿಡುತ್ತಿದ್ದರು. ನಮ್ಮ ಹಿರಿಯ ನೇಕಾರರೊಬ್ಬರು, "ಏನ್ ಮೇಸ್ತ್ರೀ, ಹೋದ್ ಜನ್ಮದಲ್ಲಿ ದೊಡ್ಬಳ್ಳಾಪುರದಲ್ಲೇ ಹುಟ್ಟಿದ್ರಾ?" ಎಂದು ಕೆಣಕಿದರೆ, "ಸುಮ್ನಿರು ಗುರು, ಎಳೆ ನೋಡು" ಎನ್ನುವಷ್ಟು ಕನ್ನಡ ಅವರಿಗೆ ಬಂದಿತ್ತು.

ವೀಸಾ ಮುಂದುವರಿಸುವ ಅರ್ಜಿ ತುಂಬಿದವಳು, ಕಾರ್ಖಾನೆಯ ಕಾಗದಪತ್ರ ನೋಡಿಕೊಳ್ಳುವ ನಾನು. ನಮ್ಮೂರಲ್ಲಿ ಎಂಜಿನಿಯರಿಂಗ್ ಓದಿದವರು ಬೀದಿಗಿಬ್ಬರು ಸಿಗುತ್ತಾರೆ. ಜನರಿಂದ ಮೇಸ್ತ್ರಿ ಎನಿಸಿಕೊಂಡವರು ಕೆಲವರೇ. ಆ ಗೌರವದಿಂದಲೇ ಹುದ್ದೆಯ ಜಾಗದಲ್ಲಿ 'ಲೂಮ್ ಮೇಸ್ತ್ರಿ' ಎಂದು ಬರೆದೆ. ಈ ಕೆಲಸಕ್ಕೆ ಸ್ಥಳೀಯರೇ ಸಿಗುತ್ತಾರೆ ಎಂಬ ಕಾರಣ ಕೊಟ್ಟು ವೀಸಾ ಕಚೇರಿಯವರು ಅರ್ಜಿ ತಿರಸ್ಕರಿಸಿದರು.

ಹೊರಡುವ ದಿನ ಅವರ ಮುಂದೆ ತಪ್ಪು ಒಪ್ಪಿಕೊಂಡೆ. ಅವರು ಅರ್ಜಿಯ ಪ್ರತಿ ಕೇಳಿ ಪಡೆದರು. "ಮೇಸ್ತ್ರಿ ಅಂತ ಬರ್ದಿದೀಯಾ? ನಂಗಾ?" ಎಂದು ಕೇಳಿ, ಅದನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಉಳಿದ ಮೂರು ಮಗ್ಗಗಳಿಗೆ ಇನ್ನೂ ಹೊದಿಕೆ ಹಾಕಿಯೇ ಇದೆ. ಹುದ್ದೆಯ ಹೆಸರು ತಿದ್ದಿ ಹೊಸದಾಗಿ ಅರ್ಜಿ ಹಾಕಿದರೆ ಅವರು ಮತ್ತೆ ಬರಬಹುದೇ, ಇಲ್ಲವೇ ಹಳೆಯ ತಿರಸ್ಕಾರ ಅಡ್ಡ ಬರುತ್ತದೆಯೇ? ನಾಲ್ಕು ಕಡೆ ವಿಚಾರಿಸಿದೆ. ನಾಲ್ಕು ಬೇರೆ ಬೇರೆ ಉತ್ತರ ಸಿಕ್ಕವು. ಇಂಥದ್ದನ್ನು ಸ್ವತಃ ಕಂಡವರಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.